ಬಲಕ್ಕೆ ವಾಲುವ ತಲೆ

ಮೊದಲ ಸಲ ಅದು ಬಂದದ್ದು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಅದೇ ಒಂದು ಅಪರೂಪ. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ನೆತ್ತಿಯ ಎಡಭಾಗದಿಂದ ತಣ್ಣನೆಯ ನೀರು ಕಿವಿಯ ಹಿಂದಕ್ಕೆ, ಅಲ್ಲಿಂದ ಕತ್ತಿಗೆ ಸಣ್ಣಗೆ ಹರಿದು ಇಳಿಯಿತು. ಹಿಂದಿನ ಸೀಟಿನವನ ಕೈಯಲ್ಲಿ ನೀರಿನ ಬಾಟಲಿ ಇದ್ದದ್ದನ್ನು ಹತ್ತುವಾಗಲೇ ನೋಡಿದ್ದೆ. ತಿರುಗಿದವನೇ ರೇಗಿದೆ.

"ಏನ್ರೀ, ಜ್ಞಾನ ಇಲ್ವಾ ನಿಮಗೆ? ತಲೆ ಮೇಲೆಲ್ಲ ನೀರು ಚೆಲ್ತಿದ್ದೀರಲ್ಲ!"

ಅವನು ನನ್ನನ್ನೂ ಬಾಟಲಿಯನ್ನೂ ಒಮ್ಮೆ ನೋಡಿಕೊಂಡ. "ಯಾವ್ ನೀರು ಸಾ? ಮುಚ್ಚಳಾನೇ ತಗ್ದಿಲ್ಲ ನಾನು. ಸೀಲೇ ಒಡ್ದಿಲ್ಲ, ನೋಡಿ ಬೇಕಾರೆ."

ನಿಜ, ಸೀಲು ಒಡೆದಿರಲಿಲ್ಲ. ತಲೆ ಮುಟ್ಟಿ ನೋಡಿಕೊಂಡೆ. ಬೆಳಿಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ ಬಿಟ್ಟರೆ ಒಂದು ಹನಿ ತೇವ ಇಲ್ಲ. ಬಸ್ಸಿನಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ನಾನು ಉತ್ತರ ಪತ್ರಿಕೆಗಳಲ್ಲಿ ಮುಖ ಹುದುಗಿಸಿ, ಆ ಹೊತ್ತಿಗೆ ಕೈಗೆ ಸಿಕ್ಕ ಯಾರದೋ ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನರವ್ಯೂಹದ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಮಿದುಳಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಬರೆದು ಭಾಗಗಳನ್ನು ಗುರುತಿಸಬಲ್ಲೆ. ನಮ್ಮದು ಅರ್ಚಕರ ಮನೆತನವೂ ಹೌದು. ಪಟ್ಟಣದಲ್ಲಿ ಹೊಳೆಯ ದಡಕ್ಕಿರುವ ಸಣ್ಣ ಆಂಜನೇಯನ ಗುಡಿಯ ಪೂಜೆಯನ್ನು ನಮ್ಮಣ್ಣ ಮಾಡುತ್ತಾನೆ. ಭಾನುವಾರ ಅವನು ಗೃಹಪ್ರವೇಶ, ನಾಮಕರಣ ಎಂದು ಹೊರಗೆ ಹೋಗುವುದರಿಂದ ಅವತ್ತಿನ ಪೂಜೆ ನನ್ನದು. ವಾರದಲ್ಲಿ ಆರು ದಿನ ವಿಜ್ಞಾನ, ಒಂದು ದಿನ ದೇವರು. ಈ ಹಂಚಿಕೆಯಿಂದ ಇಬ್ಬರಿಗೂ ತೊಂದರೆ ಆಗಿದ್ದಿಲ್ಲ.

ಬಸ್ಸಿನ ನೀರು ಅಷ್ಟಕ್ಕೇ ನಿಲ್ಲಲಿಲ್ಲ. ಮರುವಾರ ಕತ್ತಿನ ಹಿಂಭಾಗದಲ್ಲಿ ಯಾರೋ ಅಂಗೈ ಊರಿದ ಹಾಗಾಯಿತು. ನೋವಲ್ಲ. ಹಳೆಯ ಗೆಳೆಯ ಹಿಂದಿನಿಂದ ಬಂದು ಕತ್ತು ಹಿಡಿದು 'ಯಾರು ಹೇಳು ನೋಡೋಣ' ಎನ್ನುವ ಹಾಗೆ. ತಿರುಗಿದರೆ ಗೋಡೆ. ಕೆಲವು ದಿನ ತಲೆಚರ್ಮದ ಕೆಳಗೆ ಇರುವೆಗಳು ಸಾಲುಗಟ್ಟಿ ಎಡದಿಂದ ಹಿಂದಕ್ಕೆ ಹೊರಡುತ್ತಿದ್ದವು. ಏನು ಸಾಗಿಸುತ್ತಿದ್ದವೋ ಗೊತ್ತಿಲ್ಲ, ನನ್ನ ಮಿದುಳಿನಲ್ಲಿ ಸಾಗಿಸುವಂಥದ್ದೇನೂ ಇಲ್ಲ ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಇನ್ನು ಕೆಲವು ಸಲ ಕತ್ತು ಹೊರಳಿಸಿದ ಕೂಡಲೇ ಒಂದು ಝಳಕು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದಂತೆ ತಲೆಯೊಳಗೆ ಝುಂ ಎಂದು ಹತ್ತಿ ಆರಿಹೋಗುವುದು. ಆ ಕ್ಷಣಕ್ಕೆ ತಲೆಯನ್ನು ಬಲ ಭುಜದ ಕಡೆ ವಾಲಿಸಿ, ಕಣ್ಣು ಮುಚ್ಚಿ, ಅಲ್ಲಾಡದೆ ನಿಂತರೆ ಹಿಡಿತ ಸಡಿಲಾಗುತ್ತದೆ ಎಂಬುದನ್ನು ನಾನೇ ಕಂಡುಕೊಂಡೆ. ನನ್ನ ವೃತ್ತಿಜೀವನದ ಏಕೈಕ ವೈಜ್ಞಾನಿಕ ಸಂಶೋಧನೆ ಅದು.

ಹೆಂಡತಿಗೆ ಹೇಳಿದೆ. ಅವಳು ಶ್ರೀರಂಗಪಟ್ಟಣದಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತೆ. ಇಡೀ ದಿನ ಜನರ ದೂರು ಕೇಳಿ ಬಂದವಳು ಮನೆಯಲ್ಲಿ ಇನ್ನೊಂದು ದೂರನ್ನು ಸ್ವೀಕರಿಸುವ ಸ್ಥಿತಿಯಲ್ಲಿರುವುದಿಲ್ಲ.

"ತಲೆ ಒಳಗೆ ನೀರು ಹರಿಯುತ್ತಾ?" ಎಂದಳು.

"ಹೂಂ ಕಣೇ, ಸಣ್ಣಗೆ."

"ಊರಿನ ಎರಡು ಕಡೆ ಕಾವೇರಿ ಹರೀತಿದಾಳೆ, ನಿಮ್ಮ ತಲೇಲೂ ಹರೀತಿದಾಳೆ. ನಮ್ಮನೆ ನಲ್ಲೀಲಿ ಮಾತ್ರ ಮೂರು ದಿನದಿಂದ ನೀರಿಲ್ಲ. ಅದಕ್ಕೇನಾದ್ರೂ ಮಾಡ್ತೀರಾ?"

ಶಾಲೆಯ ಪಿ.ಟಿ. ಮೇಷ್ಟ್ರು ನನ್ನ ಆಪ್ತರು. ಆಟದ ಮೈದಾನದಲ್ಲಿ ಉಳುಕು ತೆಗೆಯುವ ಅನುಭವದ ಮೇಲೆ ಅವರು ಮನುಷ್ಯನ ಸಕಲ ಕಾಯಿಲೆಗಳಿಗೂ ತೀರ್ಪು ಕೊಡುತ್ತಾರೆ. "ದಿಂಬು ಸಾ, ದಿಂಬು! ದಿಂಬ್ ಬಿಸಾಕ್ಬುಟ್ಟು ಚಾಪೆ ಮ್ಯಾಲ್ ಮಲೀಕಳಿ" ಎಂದರು. ಮಲಗಿದೆ. ತಲೆಯ ಜೊತೆಗೆ ಸೊಂಟವೂ ಹಿಡಿಯಿತು. ಮುಖ್ಯೋಪಾಧ್ಯಾಯರು ಗ್ಯಾಸು ಎಂದರು. ಅಣ್ಣ ನಾನು ಸಂಧ್ಯಾವಂದನೆ ಬಿಟ್ಟದ್ದೇ ಕಾರಣ ಎಂದ. ಅದನ್ನು ಬಿಟ್ಟದ್ದು ಕಾಲೇಜಿನಲ್ಲಿದ್ದಾಗ. ಶಿಕ್ಷೆ ನಡುವಯಸ್ಸಿಗೆ ಬಂದಿದ್ದರೆ ದೇವರ ಕಚೇರಿಯಲ್ಲೂ ಕಡತಗಳು ನಮ್ಮ ಇಲಾಖೆಯ ವೇಗದಲ್ಲೇ ಸಾಗುತ್ತವೆ ಎಂದಾಯಿತು.

ನಗುತ್ತಿದ್ದೆ ನಿಜ, ಒಳಗೆ ಹೆದರಿದ್ದೆ. ಕ್ಲಾಸಿನಲ್ಲಿ ಮಿದುಳಿನ ಚಿತ್ರ ಬರೆಯುವಾಗ ಎಡಭಾಗಕ್ಕೆ ಬಂದರೆ ಸೀಮೆಸುಣ್ಣ ತಡೆಯುತ್ತಿತ್ತು. ಇಲ್ಲೇ ಏನೋ ಬೆಳೆಯುತ್ತಿದೆ, ಗಟ್ಟಿಯಾಗಿ, ಲಿಂಬೆಹಣ್ಣಿನ ಗಾತ್ರಕ್ಕೆ, ಎನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದವನನ್ನು ಹೆಂಡತಿ ನೋಡಿದಳು. ಅವತ್ತೇ ಕಚೇರಿಗೆ ರಜೆ ಹೇಳಿ ಮೈಸೂರಿಗೆ ಕರೆದುಕೊಂಡು ಹೊರಟಳು.

ನರರೋಗದ ಡಾಕ್ಟರು ಒಳ್ಳೆಯವರು, ಆದರೆ ಅವರ ಬಳಿ ಇದ್ದ ಪದಗಳು ಕಡಿಮೆ.

"ನೋವಾ?"

"ನೋವಲ್ಲ."

"ಜೋಮು ಹಿಡಿಯುತ್ತಾ?"

"ಜೋಮೂ ಅಲ್ಲ."

"ತಲೆ ಸುತ್ತಾ?"

"ಸುತ್ತಲ್ಲ ಡಾಕ್ಟ್ರೇ. ನೀರು ಇಳಿದ ಹಾಗೆ. ಆಮೇಲೆ ಹಿಂದಿನಿಂದ ಯಾರೋ ಕೈ ಇಟ್ಟ ಹಾಗೆ."

ಅವರ ಪೆನ್ನು ನಿಂತಿತು. 'ಯಾರೋ' ಎಂಬ ಮಾತು ನನ್ನನ್ನು ಪಕ್ಕದ ಮನೋವೈದ್ಯರ ಕೋಣೆಗೆ ತಳ್ಳಬಹುದೆಂದು ಗೊತ್ತಾಗಿ, "ಅಂದ್ರೆ, ಒತ್ತಡ ಬಿದ್ದ ಹಾಗೆ" ಎಂದು ತಿದ್ದಿದೆ. ಅವರು ಸುತ್ತಿಗೆಯಲ್ಲಿ ಮಂಡಿ ತಟ್ಟಿದರು, ಅಂಗಾಲು ಗೀರಿದರು, ಮೂಗು ಮುಟ್ಟಿಸಿದರು, ಒಂದೇ ಗೆರೆಯ ಮೇಲೆ ನಡೆಸಿದರು. ಎಲ್ಲದರಲ್ಲೂ ಪಾಸಾದೆ. ಎಂ.ಆರ್.ಐ. ಮಾಡಿಸಿ ಎಂದರು.

ಆ ಸುರಂಗದಲ್ಲಿ ಮಲಗಿದಾಗ ಒಂದು ವಿಚಿತ್ರ ನಡೆಯಿತು. ಏನೂ ಆಗಲಿಲ್ಲ. ನೀರಿಲ್ಲ, ಇರುವೆಯಿಲ್ಲ, ಕೈಯಿಲ್ಲ. ಇನ್‌ಸ್ಪೆಕ್ಟರು ತಪಾಸಣೆಗೆ ಬಂದ ದಿನ ಅತ್ಯಂತ ತುಂಟ ತರಗತಿ ಕೈಕಟ್ಟಿ ಕೂರುವಂತೆ ನನ್ನ ತಲೆ ಸುಮ್ಮನಾಗಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಕತ್ತಿನ ಮೇಲೆ ಅಂಗೈ ಕೂತಿತು.

ವರದಿ ಬಂತು. ಎಲ್ಲ ನಾರ್ಮಲ್. ಡಾಕ್ಟರು ಕೈಕುಲುಕಿದರು. "ಗಡ್ಡೆ ಇಲ್ಲ, ರಕ್ತನಾಳ ಚೆನ್ನಾಗಿದೆ, ಕತ್ತಿನ ಮೂಳೆ ವಯಸ್ಸಿಗೆ ತಕ್ಕ ಹಾಗಿದೆ. ಟೆನ್ಷನ್ ಮಾಡ್ಕೋಬೇಡಿ."

"ಹಾಗಾದ್ರೆ ಇದು ಏನು ಡಾಕ್ಟ್ರೇ?"

"ಕೆಲವು ಸಲ ನರಗಳು ಹೀಗೆ ಮಾಡ್ತವೆ."

ಇಷ್ಟೇ ಮಾತನ್ನು ನನ್ನ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಹೊರಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡೆ. ಸಾಯುವುದಿಲ್ಲ ಎಂಬ ಸಂತೋಷದಲ್ಲಿ ಕಣ್ಣಲ್ಲಿ ನೀರು ಬಂತು. ಆ ಸಂತೋಷ ಬಸ್ ನಿಲ್ದಾಣದವರೆಗೆ ಇತ್ತು. ಆಮೇಲೆ ಹೊಸ ಸಂಕಟ ಶುರುವಾಯಿತು. ಕಾಯಿಲೆ ಇದ್ದವನಿಗೆ ಹೇಳಿಕೊಳ್ಳಲು ಒಂದು ಹೆಸರಿರುತ್ತದೆ. ನಾರ್ಮಲ್ ಆದವನಿಗೆ ನರಳುವ ಹಕ್ಕೂ ಇಲ್ಲ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು ವರದಿ ಕೇಳಿ ನಿರಾಸೆಯಿಂದ, "ಅಷ್ಟ್ ದೊಡ್ ಮಿಷಿನ್ಗೂ ಸಿಗ್ನಿಲ್ವಾ ಸಾ? ಏನೂ ಇಲ್ವಂತಾ?" ಎಂದರು. ನಾನು ಮೋಸ ಮಾಡಿದವನಂತೆ ತಲೆ ತಗ್ಗಿಸಿದೆ.

ಇಂಥ ಹೊತ್ತಿನಲ್ಲಿ ಬಂತು ಆ ಭಾನುವಾರ.

ಗುಡಿಗೆ ಬರುವವರಲ್ಲಿ ಹಲವರು ಹೂವಿನ ಅಪ್ಪಣೆ ಕೇಳುತ್ತಾರೆ. ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಮೂರ್ತಿಯ ಮುಂದೆ ಕೈಮುಗಿದು ನಿಲ್ಲುತ್ತಾರೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಆಗುವುದಿಲ್ಲ. ಅಣ್ಣ ಹೂವನ್ನು ಹಗುರವಾಗಿ ಸಿಕ್ಕಿಸುತ್ತಾನೆ. ಯಾವುದಾದರೂ ಒಂದು ಕಡೆ ಬಿದ್ದು ಜನಕ್ಕೆ ಸಮಾಧಾನವಾಗುತ್ತದೆ. ನಾನು ಅಚ್ಚುಕಟ್ಟಿನ ಮನುಷ್ಯ. ಗಂಧವನ್ನು ದಪ್ಪಗೆ ತೇದು, ಅದರ ಮೇಲೆ ಹೂವನ್ನು ಅಂಟಿನಂತೆ ಒತ್ತಿ ಕೂರಿಸುತ್ತೇನೆ. ನನ್ನ ಭಾನುವಾರಗಳಲ್ಲಿ ಭೂಕಂಪವಾದರೂ ಹೂ ಬೀಳುವುದಿಲ್ಲ.

ಅವತ್ತು ಕೆ.ಆರ್. ಪೇಟೆ ಕಡೆಯ ಬೂಕನಕೆರೆಯಿಂದ ಒಬ್ಬ ಹೆಂಗಸು ಬಂದಿದ್ದರು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ದನಿ. ದೇವರಿಗೆ ಕಿವಿ ಮಂದವಿರಬಹುದು ಎಂಬಂತೆ ಕೇಳಿಕೊಂಡರು.

"ನಾಗಮಂಗ್ಲದ್ ಗಂಡು ಬಂದದೆ ಕಣಪ್ಪ ನನ್ ಮಗ್ಳಿಗೆ. ಆಯ್ತದೆ ಅನ್ನಂಗಿದ್ರೆ ಬಲಗಡೆ ಕೊಡು. ಬ್ಯಾಡ ಅನ್ನಂಗಿದ್ರೆ ಎಡಗಡೆ ಕೊಡು. ಸುಮ್ಕೆ ಕಾಯಿಸ್ಬ್ಯಾಡ, ಬಸ್ಸಿಗೆ ಹೊತ್ತಾಯ್ತದೆ."

ಹೂ ಬೀಳಲಿಲ್ಲ. ಅವರು ಕದಲಲಿಲ್ಲ. ನಾನು ಮಂಗಳಾರತಿ ತಟ್ಟೆ ಹಿಡಿದು ಹೊರಗೆ ತಿರುಗಿದೆ. ತಿರುಗಿದ್ದೇ ತಪ್ಪಾಯಿತು. ಝುಂ ಎಂದಿತು. ಅಭ್ಯಾಸಬಲದಿಂದ ತಲೆ ಬಲ ಭುಜಕ್ಕೆ ವಾಲಿತು, ಕಣ್ಣು ಮುಚ್ಚಿತು, ಆರತಿ ತಟ್ಟೆ ಕೈಯಲ್ಲಿ ನಿಂತಲ್ಲೇ ನಿಂತಿತು.

"ಕೊಟ್ಬುಟ್ಟ!" ಎಂಬ ಕೂಗಿಗೆ ಕಣ್ಣು ಬಿಟ್ಟೆ. ಹೆಂಗಸು ನನ್ನ ಕಾಲ ಬಳಿ ಬಿದ್ದಿದ್ದರು. "ಅಯ್ನೋರ್ ಮೈಮ್ಯಾಲೆ ಬಂದು ಕೊಟ್ಬುಟ್ಟ ನಮ್ಮಪ್ಪ! ಬಲಕ್ಕೇ ಕೊಟ್ಬುಟ್ಟ!"

"ಅಮ್ಮಾ, ಏಳಿ, ಏಳಿ. ದೇವರಲ್ಲ ಇದು. ನನಗೆ ನರದ ತೊಂದರೆ ಇದೆ."

ಅವರು ಎದ್ದು ಪಕ್ಕದವರಿಗೆ ಹೇಳಿದರು, "ದೊಡ್ಡೋರು ಅಂಗೇ ಅನ್ನದು. ತೋರುಸ್ಕಳಕಿಲ್ಲ."

ಮುಂದಿನ ಭಾನುವಾರ ಪಾಲಹಳ್ಳಿಯಿಂದ ಒಂದು ಟೆಂಪೋ ಬಂತು. ಅದರ ಮುಂದಿನ ವಾರ ಕೆ.ಆರ್.ಎಸ್.ನಿಂದ ಎರಡು ಕುಟುಂಬ. ಬೋರ್‌ವೆಲ್ಲಿನಲ್ಲಿ ನೀರು ಬೀಳುತ್ತದೆಯೇ, ವರ್ಗಾವಣೆ ಆಗುತ್ತದೆಯೇ, ಭಾಗದ ಕೇಸು ಗೆಲ್ಲುತ್ತದೆಯೇ, ಕಳೆದುಹೋದ ಎಮ್ಮೆ ಬದುಕಿದೆಯೇ. ನಾನು ಆರತಿ ತರುವಾಗ ಎಲ್ಲರ ಕಣ್ಣೂ ನನ್ನ ಕತ್ತಿನ ಮೇಲೆ. ಹಾಗೆ ನೂರು ಕಣ್ಣು ನೆಟ್ಟರೆ ಯಾರ ಕತ್ತು ಸುಮ್ಮನಿರುತ್ತದೆ? ಬಂದೇ ಬರುತ್ತಿತ್ತು. ತೊಂದರೆ ಇರುವುದು ಎಡಗಡೆ, ಹಾಗಾಗಿ ತಲೆ ವಾಲುವುದು ಯಾವಾಗಲೂ ಬಲಕ್ಕೆ. ಅಂದರೆ ಎಲ್ಲರಿಗೂ ಆಗುತ್ತದೆ. ಎಲ್ಲರಿಗೂ ಹೌದು ಎನ್ನುವ ದೇವರು ಜನಪ್ರಿಯನಾಗದೆ ಇರುತ್ತಾನೆಯೇ? ಒಂದೇ ಜಮೀನಿಗೆ ಜಗಳವಾಡುತ್ತಿದ್ದ ಇಬ್ಬರು ದಾಯಾದಿಗಳು ಬೇರೆ ಬೇರೆ ವಾರ ಬಂದರು. ಇಬ್ಬರೂ ಗೆದ್ದು ಹೋದರು.

ನಾನು ಪ್ರತಿ ಸಲವೂ ವಿವರಿಸುತ್ತಿದ್ದೆ. ಆರತಿ ತಟ್ಟೆ ಹಿಡಿದು ನರಕೋಶ, ಸಂವೇದನೆ, ಪ್ರತಿವರ್ತನೆ ಎಂದು ಪಾಠ ಮಾಡಿದೆ. ಜನ ಅದನ್ನು ಮಂತ್ರವೆಂದು ತಿಳಿದು ಕೈಮುಗಿದು ಕೇಳಿದರು. ಕ್ಲಾಸಿನಲ್ಲಿ ಎಂದೂ ಅಷ್ಟು ಶ್ರದ್ಧೆ ಕಂಡವನಲ್ಲ ನಾನು.

ಅಣ್ಣನ ಮುಂದೆ ಗೋಳು ತೋಡಿಕೊಂಡೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, "ನೀನೇನು ಸುಳ್ಳು ಹೇಳ್ತಿದ್ದೀಯೇನೋ? ಇಲ್ಲ. ಕಾಯಿಲೆ ಅಂತ ಹೇಳ್ತಲೇ ಇದ್ದೀಯ. ಅವರು ನಂಬದೆ ಹೋದ್ರೆ ನಿನ್ನ ತಪ್ಪಾ? ಸುಮ್ಮನೆ ನಿಂತಿರು. ಬಂದ್ರೆ ಬರಲಿ, ಹೋದ್ರೆ ಹೋಗಲಿ" ಎಂದ. ತಟ್ಟೆಗೆ ಬೀಳುವ ಕಾಸು ಹೆಚ್ಚಿದ ಮೇಲೆ ಸಂಧ್ಯಾವಂದನೆಯ ವಿಷಯವನ್ನು ಅವನು ಎತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಬೆಳಿಗ್ಗೆ ತಿಂಡಿಗೆ ಮುಂಚೆ ಕೈಮುಗಿದು ನಿಲ್ಲತೊಡಗಿದಳು. "ಸ್ವಾಮಿ, ಉಪ್ಪಿಟ್ಟು ಮಾಡಲಾ? ಬಲಗಡೆ ಕೊಡಿ."

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ, ಶಾಲೆಯಲ್ಲಿ ಊಟದ ವಿರಾಮ. ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು. ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಹೆಗಲಿಗೆ ಚೀಲ, ಮುಖದಲ್ಲಿ ಸಿಟ್ಟು. ವರಾಂಡಕ್ಕೆ ಹೋದೆ.

"ನಾನು ಬೂಕನಕೆರೆಯೋಳು ಸಾರ್. ಕೆ.ಆರ್. ಪೇಟೇಲಿ ಬಿ.ಎಡ್. ಓದ್ತಾ ಇದ್ದೀನಿ. ನಾಗಮಂಗಲದ ಗಂಡಿನ ವಿಷಯ ಕೇಳೋಕೆ ನಮ್ಮವ್ವ ನಿಮ್ಮತ್ರ ಬಂದಿತ್ತಲ್ಲ, ಜ್ಞಾಪಕ ಇದೆಯಾ?"

ಇತ್ತು. ಮರೆಯುವ ದನಿಯಲ್ಲ ಅದು.

"ನೀವು ತಲೆ ಆಡಿಸಿದ್ರಿ. ಅವ್ವ ಮನೆಗೆ ಬಂದು ಮಾತು ಕೊಟ್ಬಿಡ್ತು. ಹೆಣ್ಣು ನೋಡೋಕೆ ಬಂದಾಗ ಆ ಮನುಷ್ಯ ಫೋನಿಂದ ತಲೆ ಎತ್ತಲಿಲ್ಲ. ಎತ್ತಿದಾಗ ಕೇಳಿದ್ದು ಒಂದೇ, ಬಿ.ಎಡ್. ಯಾವಾಗ ಬಿಡ್ತೀಯ ಅಂತ. ನಂಗೆ ಬೇಡ ಅಂದ್ರೆ ಅವ್ವ ಕೇಳ್ತಿಲ್ಲ. ದೇವರೇ ಕೊಟ್ಟವ್ನೆ, ನೀನ್ಯಾರು ಬ್ಯಾಡ ಅನ್ನಕೆ ಅಂತದೆ."

ಅಷ್ಟು ದಿನ ಬೋರ್‌ವೆಲ್ಲು, ಎಮ್ಮೆ ಎಂದು ನಕ್ಕುಕೊಂಡಿದ್ದೆ. ನನ್ನ ಕತ್ತು ಒಂದು ಮದುವೆ ಮಾಡಿಸುತ್ತಿದೆ ಎಂದು ಗೊತ್ತಿರಲಿಲ್ಲ.

"ಈ ಭಾನುವಾರ ಅವ್ವನ್ನ ಕರ್ಕೊಂಡು ಬರ್ತೀನಿ ಸಾರ್" ಎಂದಳು. "ಇನ್ನೊಂದ್ಸಲ ಕೇಳಿಸ್ತೀನಿ. ನೀವು ಎಡಕ್ಕೆ ಆಡಿಸ್ಬಿಡಿ."

"ಎಡಕ್ಕೆ ಬರೋದಿಲ್ಲ ಕಣಮ್ಮ. ಬಲಕ್ಕೆ ವಾಲಿಸಿದ್ರೆ ಮಾತ್ರ ಕಾಯಿಲೆ ಬಿಡುತ್ತೆ."

"ಕಾಯಿಲೆನಾ?"

ಹೇಳಿದೆ. ಬಸ್ಸಿನ ನೀರಿನಿಂದ ಹಿಡಿದು ಎಂ.ಆರ್.ಐ.ವರೆಗೆ. ಅವಳು ಪೂರ್ತಿ ಕೇಳಿದಳು. ಸಿಟ್ಟು ಇಳಿದು, "ತುಂಬಾ ತೊಂದ್ರೆ ಕೊಡುತ್ತಾ ಸಾರ್?" ಎಂದಳು. ಯಾವ ಸಲಹೆಯನ್ನೂ ಕೊಡದೆ ಹಾಗೆ ಕೇಳಿದವರಲ್ಲಿ ಅವಳೇ ಮೊದಲನೆಯವಳು. ಆಮೇಲೆ ಹೇಳಿದಳು, "ಹಂಗಾದ್ರೆ ಇದನ್ನೇ ಬಂದು ಅವ್ವಂಗೆ ಹೇಳಿ."

ಪಿ.ಟಿ. ಮೇಷ್ಟ್ರು ಬಾಗಿಲ ಮರೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವಳು ಹೋದ ಮೇಲೆ, "ಸಾ, ಎಡಕ್ಕೆ ವಾಲಿಸೋ ಎಕ್ಸರ್ಸೈಜ್ ಅದೆ, ಯೋಳ್ಕೊಡ್ಲಾ?" ಎಂದರು.

ಬೂಕನಕೆರೆಗೆ ಹೋಗುವುದೆಂದು ತೀರ್ಮಾನಿಸಿದೆ. ಹೆಂಡತಿಯೂ ಹೊರಟಳು. "ನೀವೊಬ್ಬರೇ ಹೋದ್ರೆ ಇನ್ನೂ ನಾಲ್ಕು ಜನ ಕಾಲಿಗೆ ಬೀಳ್ತಾರೆ. ಆಂಜನೇಯ ಬ್ರಹ್ಮಚಾರಿ. ಪಕ್ಕದಲ್ಲಿ ಹೆಂಡತಿ ನಿಂತಿದ್ರೆ ಮೈಮೇಲೆ ಬಂದಿರೋದು ಅವನಲ್ಲ ಅನ್ನೋ ಅನುಮಾನವಾದ್ರೂ ಬರುತ್ತೆ" ಎಂದಳು. ಎಂ.ಆರ್.ಐ. ಫಿಲ್ಮುಗಳ ದೊಡ್ಡ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆವು.

ಮನೆ ಸಂತೆ ಬೀದಿಯ ಹಿಂದೆ, ಅಂಗಳದಲ್ಲಿ ರಾಗಿ ಒಣಗಲು ಹರವಿದ್ದರು. ನನ್ನನ್ನು ನೋಡಿದ್ದೇ ತಡ ಆ ತಾಯಿ ಕಾಲಿಗೆ ನೀರು ತಂದರು, ಚಾಪೆ ಹಾಸಿದರು. "ಅಯ್ನೋರೇ ಬಂದ್ಬುಟ್ರಲ್ಲ! ಯೋಳಿ ಕಳ್ಸಿದ್ರೆ ನಾವೇ ಬತ್ತಿದ್ವಿ. ಕುಂತ್ಕಳಿ, ಕುಂತ್ಕಳಿ." ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ನಾನು ನೇರ ವಿಷಯಕ್ಕೆ ಬಂದೆ. ಕವರಿನಿಂದ ಫಿಲ್ಮು ತೆಗೆದು ಬೆಳಕಿಗೆ ಹಿಡಿದೆ. ನನ್ನ ತಲೆ ಕೋಸಿನಂತೆ ಹೋಳುಹೋಳಾಗಿ ಕಂಡಿತು.

"ನೋಡಿ ಅಮ್ಮ, ಇದು ನನ್ನ ತಲೆ. ಕಾಯಿಲೆ ಅಂತ ಫೋಟೋ ತೆಗೆಸಿದ್ದು."

ಅವರು ಹತ್ತಿರ ಬಂದು ಒಂದೊಂದು ಹೋಳನ್ನೂ ನೋಡಿದರು. "ಏನ್ ಕಾಯ್ಲೆ ಅಂದ್ರು ಡಾಕುಟ್ರು?"

"ಏನೂ ಇಲ್ಲ ಅಂದ್ರು."

"ಏನೂ ಇಲ್ವಾ?"

"ಏನೂ ಇಲ್ಲ. ಎಲ್ಲ ಚೆನ್ನಾಗಿದೆಯಂತೆ."

ಅವರು ಗೆದ್ದವರಂತೆ ಸೊಂಟದ ಮೇಲೆ ಕೈಯಿಟ್ಟರು. "ಮತ್ತೆ? ಅಷ್ಟ್ ದೊಡ್ ಡಾಕುಟ್ರೇ ಕಾಯ್ಲೆ ಇಲ್ಲ ಅಂದಮ್ಯಾಕೆ ಇನ್ನೇನು? ದೇವ್ರೇ!"

ನನ್ನ ಇಷ್ಟು ವರ್ಷದ ವಿಜ್ಞಾನ ಆ ಅಂಗಳದ ರಾಗಿಯಲ್ಲಿ ಬಿದ್ದು ಹೊರಳಾಡಿತು. ಅಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

"ಅಮ್ಮಾ, ನಿಮ್ಮ ದೇವರು ಬಚ್ಚಲುಮನೆಗೂ ಬರ್ತಾನಾ?"

"ಅಂಗಂದ್ರೆ?"

"ಇವರಿಗೆ ಅದು ಸ್ನಾನ ಮಾಡುವಾಗ ಬರುತ್ತೆ. ಊಟ ಮಾಡುವಾಗ ಬರುತ್ತೆ, ಕೈಯಲ್ಲಿ ಹಿಡಿದ ಅನ್ನ ಹಾಗೇ ಇರುತ್ತೆ. ರಸ್ತೆ ದಾಟುವಾಗ ಬಂದ್ರೆ ಏನು ಗತಿ ಅಂತ ನಾನು ದಿನಾ ಸಾಯಂಕಾಲ ಬಸ್ ಸ್ಟಾಂಡಿನ ಕಡೆ ನೋಡ್ತಾ ಇರ್ತೀನಿ. ಗೋಡೆ ಹಿಡ್ಕೊಂಡು ನಿಂತು ನಡುಗೋದನ್ನ ನಾನು ನೋಡಿದ್ದೀನಿ. ದೇವರು ಬಂದ್ರೆ ಹಾಗೆ ಹೆದರ್ಕೋತಾರಾ ಯಾರಾದ್ರೂ?"

ನಾನು ಅವಳ ಮುಖ ನೋಡಿದೆ. ಸಾಯಂಕಾಲ ನಾನು ಬರುವ ಹೊತ್ತಿಗೆ ಅವಳು ಹೊರಗೆ ನಿಂತಿರುವುದು ಗಿಡಕ್ಕೆ ನೀರು ಹಾಕಲು ಎಂದುಕೊಂಡಿದ್ದೆ. ನಲ್ಲಿಯಲ್ಲಿ ನೀರು ಬಾರದ ದಿನವೂ ಅವಳು ಅಲ್ಲೇ ನಿಂತಿರುತ್ತಿದ್ದಳು ಎಂಬುದು ನನಗೆ ಹೊಳೆದಿರಲಿಲ್ಲ.

ಆ ತಾಯಿ ಒಳಗೆ ಹೋಗಿ ಕಾಫಿ ತಂದರು. ಲೋಟವನ್ನು ನನ್ನ ಕೈಗಿಟ್ಟು, "ಸಕ್ರೆ ಸಾಕಾ ನೋಡಿ ಅಯ್ನೋರೆ" ಎಂದರು. ನಾನು ಅವರ ಕಡೆ ತಿರುಗಿದೆ. ಝುಂ. ತಲೆ ಬಲಕ್ಕೆ ವಾಲಿತು, ಕಣ್ಣು ಮುಚ್ಚಿತು. ಕಾಫಿ ತುಳುಕಿ ಪಂಚೆಯ ಮೇಲೆ ಬಿತ್ತು. ಕಣ್ಣು ಬಿಟ್ಟಾಗ ಮೂವರೂ ನನ್ನನ್ನೇ ನೋಡುತ್ತಿದ್ದರು.

ಹೆಂಡತಿ ಹೇಳಿದಳು, "ನೋಡಿದ್ರಾ? ಸಕ್ಕರೆಗೂ ಅಪ್ಪಣೆ ಕೊಟ್ಟ."

ಮೊದಲು ನಕ್ಕದ್ದು ಮಗಳು. ಆಮೇಲೆ ಆ ತಾಯಿಯೂ ಸೆರಗು ಬಾಯಿಗಿಟ್ಟುಕೊಂಡು ಮೈ ಕುಲುಕಿಸಿ ನಕ್ಕರು. ಕಡೆಗೆ ನಾನೂ ನಕ್ಕೆ, ಒದ್ದೆ ಪಂಚೆಯಲ್ಲಿ. ನಗು ನಿಂತ ಮೇಲೆ ಅವರು ಮುಂದೆ ಬಂದು, ಕೇಳದೆಯೇ ನನ್ನ ಕತ್ತಿನ ಹಿಂದೆ ಕೈ ಇಟ್ಟು ಒತ್ತಿ ನೋಡಿದರು. ಕಾಲಿಗೆ ಬಿದ್ದವರ ಕೈ ಅದಲ್ಲ. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವವರ ಕೈ.

"ಇಲ್ಲಾ?"

"ಅದರ ಸ್ವಲ್ಪ ಮೇಲೆ."

"ನೋಯ್ತದಾ?"

"ನೋಯೋದಿಲ್ಲ. ಇರುತ್ತೆ, ಅಷ್ಟೆ."

"ಅಯ್ಯೋ ಪಾಪ" ಎಂದರು. ಕೈ ತೆಗೆದು, "ಅಂಗಾರೆ ಅವತ್ತು ಕೊಟ್ಟಿದ್ದು ದೇವ್ರಲ್ವಾ?" ಎಂದರು.

"ಅಲ್ಲಮ್ಮ. ನಾನೂ ಅಲ್ಲ. ಕತ್ತು."

ಅವರು ಮಗಳ ಕಡೆ ತಿರುಗಿದರು. "ಆ ಗಂಡು ನಿಂಗೆ ಹಿಡಿಸ್ನಿಲ್ವೇನಮ್ಮಿ?"

"ಇಲ್ಲ ಕಣವ್ವ."

"ಮೊದ್ಲೇ ಯೋಳಕಾಯ್ತಿರ್ಲಿಲ್ವಾ?"

"ದಿನಾ ಹೇಳ್ದೆ. ನೀನು ಅಯ್ನೋರ್ ತಲೆ ನೋಡ್ತಿದ್ದೆ, ನನ್ ಮಾತು ಎಲ್ಲಿ ಕೇಳ್ದೆ?"

ತಾಯಿ ರಾಗಿಯ ಹತ್ತಿರ ಹೋಗಿ ಕೂತು ಕೈಯಿಂದ ಹರವತೊಡಗಿದರು, ಆಗಲೇ ಹರವಿದ್ದನ್ನೇ. ನಾವು ಹೊರಡುವಾಗ ಎದ್ದು ಬಂದು ಹೆಂಡತಿಗೆ ಕುಂಕುಮ ಕೊಟ್ಟರು. ನನ್ನ ಕಾಲಿಗೆ ಬೀಳಲಿಲ್ಲ. ಅದೆಷ್ಟು ಹಗುರವಾಯಿತು ಎಂದು ಹೇಳಲಾರೆ.

ನಾಗಮಂಗಲದವರ ಜೊತೆ ಮಾತು ಮುರಿಯುವುದು ಸುಲಭವಾಗಲಿಲ್ಲವಂತೆ. ಅವರು ಬಂದು ಕೂಗಾಡಿದರಂತೆ, ದೇವರ ಮಾತಿಗೆ ತಪ್ಪುತ್ತೀರಾ ಎಂದರಂತೆ. ಈ ತಾಯಿ ತಮ್ಮ ಗಟ್ಟಿ ದನಿಯಲ್ಲೇ, "ದೇವ್ರಲ್ಲ ಕಣ್ರಪ್ಪ ಅದು, ನರ. ನಾನೇ ಮುಟ್ಟಿ ನೋಡಿವ್ನಿ" ಎಂದು ವಾದ ಮುಗಿಸಿದರಂತೆ. ಹುಡುಗಿ ಬಿ.ಎಡ್. ಮುಂದುವರಿಸಿದಳು.

ಗುಡಿಯಲ್ಲಿ ನಾನು ಭಾನುವಾರ ಆರತಿಗೆ ಮುಂಚೆಯೇ ಎಲ್ಲರ ಎದುರು ಹೇಳತೊಡಗಿದೆ, ನನ್ನ ತಲೆ ಅಲ್ಲಾಡಿದರೆ ಅದು ಕಾಯಿಲೆ, ನಿಮ್ಮ ಪ್ರಶ್ನೆಗೆ ಉತ್ತರವಲ್ಲ ಎಂದು. ಟೆಂಪೋ ಬರುವುದು ನಿಂತಿತು. ಕೆಲವರು ಬೇಜಾರಾದರು. ಒಬ್ಬ ಹಿರಿಯರಂತೂ, "ಬ್ಯಾರೆ ಅಯ್ನೋರಿಗೆ ಇದೂ ಇಲ್ವಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಅಣ್ಣ ಕೆಲವು ವಾರ ಸಪ್ಪಗಿದ್ದ. ಆಮೇಲೆ ನನಗೆ ಹೂ ಹಗುರವಾಗಿ ಸಿಕ್ಕಿಸುವುದನ್ನು ಕೈಹಿಡಿದು ಕಲಿಸಿದ. ಈಗ ನನ್ನ ಭಾನುವಾರಗಳಲ್ಲೂ ಹೂ ಬೀಳುತ್ತದೆ, ಎರಡೂ ಕಡೆಗೆ.

ಡಾಕ್ಟರ ಹತ್ತಿರ ಮತ್ತೆ ಹೋಗಿದ್ದೆ. ಒಂದು ಮಾತ್ರೆ ಕೊಟ್ಟರು. ಅದನ್ನು ನುಂಗಿದರೆ ಇರುವೆಗಳು ಮಲಗುತ್ತಿದ್ದವು, ಜೊತೆಗೆ ನಾನೂ, ಕೆಲವು ಸಲ ಮೂರನೇ ಪೀರಿಯಡ್ಡಿನಲ್ಲೇ. ಬಿಟ್ಟೆ. ಇನ್ನೊಂದು ಕೊಟ್ಟರು, ಅದು ಏನೂ ಮಾಡಲಿಲ್ಲ, ನಾನೂ ಅದಕ್ಕೆ ಏನೂ ಮಾಡಲಿಲ್ಲ. "ಇದಕ್ಕೆ ಹೆಸರಿಲ್ಲವೇ" ಎಂದು ಕೇಳಿದಾಗ ಈ ಸಲ ಅವರು, "ನನಗೆ ಗೊತ್ತಿಲ್ಲ" ಎಂದರು. 'ನರಗಳು ಹೀಗೆ ಮಾಡ್ತವೆ' ಎಂದಾಗ ಬಾರದ ನಂಬಿಕೆ ಆ ಮಾತಿನಿಂದ ಬಂತು. ಅಪಾಯವಿಲ್ಲ, ಆಗಾಗ ಬಂದು ತೋರಿಸಿ ಎಂದರು. ತೋರಿಸುತ್ತಿದ್ದೇನೆ. ಮಂಡಿಯನ್ನು ಸುತ್ತಿಗೆಯಲ್ಲಿ ತಟ್ಟುತ್ತಾರೆ, ಮಂಡಿ ಸರಿಯಾಗಿ ಹಾರುತ್ತದೆ, ಇಬ್ಬರಿಗೂ ಸಂತೋಷವಾಗುತ್ತದೆ.

ಹೋಗಿಲ್ಲ ಅದು. ಚಳಿಯಲ್ಲಿ ಹೆಚ್ಚು, ರಜೆಯಲ್ಲಿ ಕಡಿಮೆ. ತರಗತಿಯಲ್ಲಿ ಬಂದರೆ ಮಕ್ಕಳಿಗೆ ಹೇಳಿಯೇ ನಿಲ್ಲುತ್ತೇನೆ. ಅವರು ಸುಮ್ಮನಿದ್ದು, ಆಮೇಲೆ ನಾನು ನಿಲ್ಲಿಸಿದ ವಾಕ್ಯವನ್ನು ನೆನಪಿಸುತ್ತಾರೆ. ಪಾಠದಲ್ಲಿ ಅಷ್ಟು ಗಮನವಿಟ್ಟದ್ದು ಅವರಿಗೂ ಹೊಸದು. ಹೆಂಡತಿ ಈಗ ಸಾಯಂಕಾಲ ಬಸ್ ಸ್ಟಾಂಡಿಗೇ ಬರುತ್ತಾಳೆ, ತರಕಾರಿ ನೆಪದಲ್ಲಿ. ಚೀಲ ನಾನು ಹೊರುತ್ತೇನೆ. ರಸ್ತೆ ದಾಟುವಾಗ ಅವಳು ನನ್ನ ಎಡಕ್ಕೆ ಬರುತ್ತಾಳೆ. ಆ ಬಗ್ಗೆ ನಾವು ಮಾತಾಡಿಲ್ಲ.

ಬೂಕನಕೆರೆಯ ಆ ತಾಯಿ ಮಾತ್ರ ನನ್ನನ್ನು ಬಿಟ್ಟಿಲ್ಲ. ದೇವರ ಕೆಲಸದಿಂದ ವಜಾ ಆದವನನ್ನು ನೆಂಟನ ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ. ಫೋನು ಮಾಡಿ ನಾಗಮಂಗಲದ ಕಡೆ ಕತ್ತಿನ ನರ ಎಳೆಯುವವನೊಬ್ಬ ಇದ್ದಾನೆ ಎನ್ನುತ್ತಾರೆ, ಹರಳೆಣ್ಣೆ ಬಿಸಿ ಮಾಡಿ ಹಚ್ಚಿ ಎನ್ನುತ್ತಾರೆ, ಸೋರೆಕಾಯಿ ತಿನ್ನಬೇಡಿ ಎನ್ನುತ್ತಾರೆ. ನಾನು ಎಲ್ಲಕ್ಕೂ ಹೂಂ ಎಂದು ಯಾವುದನ್ನೂ ಮಾಡುವುದಿಲ್ಲ. ಅವರಿಗೂ ಅದು ಗೊತ್ತು. ಮೊನ್ನೆಯೂ ಮಾಡಿದ್ದರು; ನನ್ನ ಕತ್ತಿನ ತೊಂದರೆಗೆ ಅವರು ಇಟ್ಟ ಹೆಸರು ನೆಂಟರು.

"ಎಂಗವ್ರೆ ನಿಮ್ ನೆಂಟ್ರು?"

"ಬೆಳಿಗ್ಗೆ ಬಂದಿದ್ರು ಅಮ್ಮ. ಸ್ವಲ್ಪ ಹೊತ್ತು ಇದ್ದು ಹೋದ್ರು."

"ವೋದ್ರಾ? ವೋಗ್ಲಿ ಬುಡಿ. ಮಗ್ಳು ಪರೀಕ್ಸೆ ಬರೀತಾವ್ಳೆ, ಪಾಸಾಯ್ತಾಳಾ?"

"ಓದಿದ್ದಾಳಾ?"

"ಓದವ್ಳೆ."

"ಹಾಗಾದ್ರೆ ಆಗ್ತಾಳೆ" ಎಂದೆ. ತಲೆ ನೆಟ್ಟಗೇ ಇತ್ತು.